ಪುಟ್ಟ ಕುದುರೆಗಳ ಬೆನ್ನು ಹತ್ತಿ ಕೆಂಟಕಿಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕುದುರೆ ಅಂದರೆ ಭಯ. ಅದರ ಹಲ್ಲು, ಗೊರಸು, ಇದ್ದಕ್ಕಿದ್ದ ಹಾಗೆ ಮೂಗಿನಿಂದ ಬುಸ್ ಅನ್ನುವ ಸದ್ದು, ಯಾವುದೂ ಆಗಿಬರುವುದಿಲ್ಲ. ಆದರೆ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನ ನಮ್ಮ ಮನೆಯಲ್ಲಿ 114 ಕುದುರೆಗಳಿವೆ. ಎಲ್ಲವೂ ಪ್ಲಾಸ್ಟಿಕ್‌ನವು. ಮೊದಲನೆಯದನ್ನು ತಂದದ್ದು ಮಗಳಿಗೆ ಏಳು ವರ್ಷವಾಗಿದ್ದಾಗ. ಅವಳು ಕಾಲೇಜಿಗೆ ಹೋದಳು, ಕುದುರೆಗಳು ಕಪಾಟಿನಲ್ಲೇ ಉಳಿದವು. ವಾರಕ್ಕೊಮ್ಮೆ ಧೂಳು ಒರೆಸುತ್ತಾ ಒರೆಸುತ್ತಾ ಆ ಹುಚ್ಚು ನನಗೆ ಅಂಟಿಕೊಂಡಿತು.

ಈ ಹುಚ್ಚಿನವರಿಗೆಲ್ಲ ಒಂದು ಜಾತ್ರೆ ಇದೆ, ಪ್ಲಾಸ್ಟಿಕ್ ಕುದುರೆ ಮಾಡುವ ಬ್ರೇಯರ್ ಕಂಪನಿಯ ಬ್ರೇಯರ್‌ಫೆಸ್ಟ್. 1990ರಲ್ಲಿ ಶುರುವಾದದ್ದು. ಜುಲೈ ತಿಂಗಳಲ್ಲಿ, ಶುಕ್ರವಾರದಿಂದ ಭಾನುವಾರದವರೆಗೆ, ಲೆಕ್ಸಿಂಗ್ಟನ್‌ನ ಕೆಂಟಕಿ ಹಾರ್ಸ್ ಪಾರ್ಕ್‌ನಲ್ಲಿ ನಡೆಯುತ್ತದೆ. ಇಷ್ಟು ವರ್ಷ ಫೋಟೋ ನೋಡಿಕೊಂಡೇ ಕಾಲ ಕಳೆದಿದ್ದೆ. ಈ ಸಲ ಟಿಕೆಟ್ ತೆಗೆದೆ. "ನಾನು ಬರೋದು ಡ್ರೈವರ್ ಆಗಿ ಮಾತ್ರ" ಅಂತ ನಮ್ಮವರು ಷರತ್ತು ಹಾಕಿದರು.

ಬುಧವಾರ

ಹೊರಟಾಗ ಒಂಬತ್ತೂವರೆ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಸಿನ್ಸಿನಾಟಿ ತನಕ ರಸ್ತೆಯ ಎರಡೂ ಕಡೆ ಜೋಳ, ಸೋಯಾ, ಮತ್ತೆ ಜೋಳ. ಒಹಾಯೊ ನದಿ ದಾಟಿದ ಕೂಡಲೇ ನೆಲ ಏರುತ್ತದೆ. ಸ್ವಲ್ಪ ಮುಂದೆ ಫ್ಲಾರೆನ್ಸ್ ಊರಿನ ನೀರಿನ ಟ್ಯಾಂಕ್ ಕಾಣಿಸಿತು. ಕೆಂಪು ಬಿಳಿ ಪಟ್ಟೆಯ ಆ ಟ್ಯಾಂಕಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಫ್ಲಾರೆನ್ಸ್ ಯಾಲ್' ಅಂತ ಬರೆದಿದೆ. ಮೊದಲು ಅಲ್ಲಿ ಇದ್ದದ್ದು 'ಫ್ಲಾರೆನ್ಸ್ ಮಾಲ್'. ಮಾಲ್ ಇನ್ನೂ ಕಟ್ಟಿರಲಿಲ್ಲ, ಹೆದ್ದಾರಿ ಪಕ್ಕ ಹಾಗೆ ಜಾಹೀರಾತು ಹಾಕುವ ಹಾಗಿಲ್ಲ ಅಂತ ತಕರಾರು ಬಂತು. ಪೂರ್ತಿ ಅಳಿಸಿ ಬರೆಯುವ ಬದಲು 1974ರಲ್ಲಿ ಒಂದೇ ಅಕ್ಷರ ತಿದ್ದಿ, ಈ ಕಡೆಯವರ ಆಡುಮಾತಿನಲ್ಲಿ 'ನೀವೆಲ್ಲ' ಅನ್ನುವ 'ಯಾಲ್' ಮಾಡಿಬಿಟ್ಟರು. ಈ ಸುದ್ದಿ ಹೇಳಿದ್ದು ಪೆಟ್ರೋಲ್ ಬಂಕ್‌ನ ಹುಡುಗ. ಹಸಿರು ಬಾಟಲಿಯ 'ಏಲ್ ಏಟ್ ಒನ್' ಕುಡಿದು ನೋಡಿ ಅಂದವನೂ ಅವನೇ. ಲೆಕ್ಸಿಂಗ್ಟನ್ ಪಕ್ಕದ ವಿಂಚೆಸ್ಟರ್ ಊರಿನ ಸೋಡಾ ಅದು, ಶುಂಠಿಯ ಘಾಟು ಸ್ವಲ್ಪ ಇದೆ. ನನಗೆ ಹಿಡಿಸಿತು. ಇವರು ಎರಡು ಗುಟುಕು ಕುಡಿದು ನನ್ನ ಕೈಗೇ ಕೊಟ್ಟರು.

ತಪ್ಪು ಮಾಡಿದ್ದು ಅಲ್ಲಿಂದ ಮುಂದೆ. ದಾರಿಯಲ್ಲಿ ಒಂದು ಹೋಟೆಲಿಗೆ ಊಟಕ್ಕೆ ಹೋದೆವು. ನಮ್ಮಂಥ ಸಸ್ಯಾಹಾರಿಗಳಿಗೆ ಈ ಕಡೆ 'ವೆಜಿಟಬಲ್ ಪ್ಲೇಟ್' ಅಂತ ಸಿಗುತ್ತದೆ. ಅದನ್ನು ನಂಬಬೇಡಿ, ಕೇಳಿಯೇ ತಗೊಳ್ಳಿ. ಬೀನ್ಸನ್ನು ಹಂದಿಮಾಂಸದ ತುಂಡು ಹಾಕಿ ಬೇಯಿಸುತ್ತಾರೆ. ನಾವು ಕೇಳಿದೆವು, ಪುಣ್ಯ. ಬೀನ್ಸ್ ಬಿಟ್ಟು ಹಸಿರು ಟೊಮೆಟೊ ಕಾಯಿ ಕರಿದದ್ದು ಮತ್ತು ಜೋಳದ ಪುಡಿಂಗ್ ತಿಂದೆವು. ಆ ಟೊಮೆಟೊಗೆ ನಮ್ಮ ಬಜ್ಜಿಯ ಗುಣ ಇದೆ, ಖಾರ ಒಂದು ಕಡಿಮೆ. ಇಷ್ಟೆಲ್ಲ ವಿಚಾರಣೆ, ಊಟ ಮುಗಿಸಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಅಷ್ಟು ಹೊತ್ತೂ ಕುದುರೆಗಳ ಡಬ್ಬ ಕಾರಿನ ಡಿಕ್ಕಿಯಲ್ಲಿ ಬೆಂದಿತ್ತು.

ಬ್ರೇಯರ್ ಕುದುರೆಗಳನ್ನು ಮಾಡುವುದು ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್‌ನಿಂದ. ಮುಟ್ಟಿದರೆ ಗಟ್ಟಿ, ಬಿಸಿಗೆ ಮಾತ್ರ ಮೆತ್ತಗೆ. ಹೋಟೆಲ್ ರೂಮಿನಲ್ಲಿ ಡಬ್ಬ ಬಿಚ್ಚಿ ನೋಡಿದರೆ ನನ್ನ ಪಾಲೊಮಿನೊ, ಅಂದರೆ ಹೊಂಬಣ್ಣದ ಗಂಡುಕುದುರೆಯ ಹಿಂಗಾಲು ಒಳಕ್ಕೆ ಬಾಗಿತ್ತು. ಮೇಜಿನ ಮೇಲೆ ನಿಲ್ಲಿಸಿದರೆ ಕುಡಿದವನ ಹಾಗೆ ಪಕ್ಕಕ್ಕೆ ವಾಲುತ್ತಿತ್ತು. ಅಳುವುದೊಂದು ಬಾಕಿ.

ಆ ಹೋಟೆಲಿನಲ್ಲಿ ಆ ವಾರ ಉಳಿದವರೆಲ್ಲ ಕುದುರೆಯವರೇ. ಸಂಜೆ ಆದರೆ ರೂಮಿನ ಬಾಗಿಲು ತೆರೆದಿಟ್ಟು ವ್ಯಾಪಾರಕ್ಕೆ ಕೂರುತ್ತಾರೆ. ಹಾಸಿಗೆ ಮೇಲೆ ಕುದುರೆ, ಟಿವಿ ಮೇಲೆ ಕುದುರೆ, ಸ್ನಾನದ ತೊಟ್ಟಿಯಲ್ಲಿ ಖಾಲಿ ಡಬ್ಬಗಳು. ಪಕ್ಕದ ರೂಮಿನ ಅಜ್ಜಿ ನನ್ನ ಮುಖ ನೋಡಿಯೇ "ಕಾಲು ಬಾಗಿತಾ?" ಅಂದರು. ಕಾಫಿ ಮಾಡುವ ಯಂತ್ರದಲ್ಲಿ ಬರೀ ನೀರು ಕಾಯಿಸಿದರು. ಅದನ್ನು ಲೋಟಕ್ಕೆ ಬಗ್ಗಿಸಿ ಬಾಗಿದ ಕಾಲನ್ನಷ್ಟೇ ಅರ್ಧ ನಿಮಿಷ ಅದ್ದಿದರು. ಮೆಲ್ಲಗೆ ಹಿಂದಕ್ಕೆ ತಿದ್ದಿ, ಹಾಗೇ ಹಿಡಿದುಕೊಂಡು ಐಸ್ ನೀರಿಗೆ ಇಳಿಸಿದರು. ಎರಡು ಸಲ ಮಾಡಿದ ಮೇಲೆ ಕುದುರೆ ನಿಂತಿತು. ಬಾಣಂತಿಯ ಮಗುವಿಗೆ ನೀರು ಹಾಕುವವರ ಕೈ ಅದು, ಅವಸರವೇ ಇಲ್ಲ. "ಇನ್ಮೇಲೆ ಇವು ಹಿಂದಿನ ಸೀಟಿನಲ್ಲಿ, ಏಸಿಯಲ್ಲಿ ಕೂತು ಬರಲಿ. ಸಾಮಾನು ಡಿಕ್ಕಿಗೆ ಹೋಗಲಿ" ಅಂದರು.

ಅವರ ಮೇಜಿನ ಮೇಲೆ ಒಂದು ಹಳೇ ಗಡಿಯಾರ ಇತ್ತು. ಗಡಿಯಾರದ ಪಕ್ಕ ಜೀನು ಹಾಕಿದ ಕುದುರೆ. ಅದು ಮಾರಾಟಕ್ಕಲ್ಲ, ತೋರಿಸಲಿಕ್ಕೆ. ಈ ಹವ್ಯಾಸ ಹುಟ್ಟಿದ್ದೇ ಅಂಥ ಗಡಿಯಾರದಿಂದ. 1950ರಲ್ಲಿ ಷಿಕಾಗೋದ ಬ್ರೇಯರ್ ಅನ್ನುವ ಪ್ಲಾಸ್ಟಿಕ್ ಕಂಪನಿಗೆ ಮಾಸ್ಟರ್‌ಕ್ರಾಫ್ಟರ್ಸ್ ಗಡಿಯಾರದವರು ಅಲಂಕಾರಕ್ಕೆ ಒಂದು ಕುದುರೆ ಮಾಡಿಕೊಡಿ ಅಂದರು. ಜನ ಗಡಿಯಾರ ಬಿಟ್ಟು ಕುದುರೆ ಕೊಡಿ ಅನ್ನತೊಡಗಿದರು. ಕಂಪನಿಯ ದಾರಿಯೇ ಬದಲಾಯಿತು. ಪಕ್ಕದಲ್ಲೇ ಒಂದು ನೀಲಿ ಕುದುರೆಯೂ ಇತ್ತು, ಪಿಂಗಾಣಿ ಬಟ್ಟಲಿನ ನೀಲಿ. 1960ರ ದಶಕದಲ್ಲಿ ಹೀಗೆ ನೀಲಿ, ಚಿನ್ನದ ಬಣ್ಣದವನ್ನು ಮಾಡಿದ್ದರಂತೆ. ಆಗ ಯಾರೂ ಕೊಳ್ಳಲಿಲ್ಲ. ಈಗ ಅದರ ಬೆಲೆ ಕೇಳಿ ನಮ್ಮವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ನಾನು ಹದಿನೈದು ಡಾಲರಿಗೆ ಕಿವಿ ಸವೆದ ಒಂದು ಕುದುರೆ ತಗೊಂಡೆ. ಇಂಥವಕ್ಕೆ 'ಬಾಡಿ' ಅನ್ನುತ್ತಾರೆ, ಬಣ್ಣ ತೆಗೆದು ಹೊಸದಾಗಿ ಮಾಡಲಿಕ್ಕೆ. ಚಿಲ್ಲರೆ ನೋಟು ಇಟ್ಟುಕೊಂಡಿದ್ದು ಒಳ್ಳೇದಾಯ್ತು. ಅಜ್ಜಿಯ ಹತ್ತಿರ ಕಾರ್ಡ್ ಯಂತ್ರ ಇರಲಿಲ್ಲ.

ಗುರುವಾರ

ಹಬ್ಬ ಶುರುವಾಗುವ ಮುಂಚಿನ ದಿನ, ಊರಾಚೆ ಒಂದು ಚರ್ಚ್ ಹಾಲಿನಲ್ಲಿ ಸಣ್ಣ ಶೋ ಇತ್ತು. ಹವ್ಯಾಸಿಗಳೇ ಸೇರಿ ನಡೆಸುವುದು. ನಾನು ನಾಲ್ಕು ಕುದುರೆಗಳಿಗೆ ಹೆಸರು ಕೊಟ್ಟಿದ್ದೆ. ನನ್ನ ಮೊದಲ ಶೋ.

ಶೋ ಅಂದರೆ ಹೀಗೆ. ಉದ್ದನೆಯ ಮೇಜುಗಳ ಮೇಲೆ ಬಟ್ಟೆ ಹಾಸಿರುತ್ತದೆ, ಅದೇ ರಿಂಗ್. "ಅರೇಬಿಯನ್ ಗಂಡುಕುದುರೆಗಳು" ಅಂತ ಕೂಗಿದರೆ ಅಂಥವನ್ನು ತಂದು ನಿಲ್ಲಿಸಿ, ಸುಮ್ನೆ ಹಿಂದೆ ಸರಿಯಬೇಕು. ಕಾಲಿಗೆ ಸಣ್ಣ ಚೀಟಿ ಕಟ್ಟಿರುತ್ತದೆ, ಅದರಲ್ಲಿ ನಂಬರ್. ಜಡ್ಜ್ ನೋಡುವಾಗ ಇದು ನನ್ನದು ಅಂತ ತೋರಿಸಿಕೊಳ್ಳುವ ಹಾಗಿಲ್ಲ. ಬೇರೆಯವರ ಕುದುರೆಯನ್ನು ಕೇಳದೆ ಮುಟ್ಟುವ ಹಾಗಂತೂ ಇಲ್ಲವೇ ಇಲ್ಲ. ಒಂದು ಬಿದ್ದರೆ ಸಾಲಾಗಿ ಹನ್ನೆರಡು ಬೀಳುತ್ತವೆ. ಬೆಳಿಗ್ಗೆ ಒಮ್ಮೆ ಹಾಗೇ ಆಯಿತು. ಟಕ ಟಕ ಟಕ ಅಂತ ಸದ್ದು, ಆಮೇಲೆ ಇಡೀ ಹಾಲು ಮೌನ. ಬೀಳಿಸಿದ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಕಿವಿ ಮುರಿದ ಕುದುರೆಯ ಒಡತಿಯೇ ಅವಳಿಗೆ ನೀರು ಕೊಟ್ಟು ಸಮಾಧಾನ ಮಾಡಿದಳು.

ಕಾರ್ಖಾನೆಯಿಂದ ಬಂದ ಹಾಗೇ ಇರುವವು ಒಂದು ವಿಭಾಗ. ಅದಕ್ಕೆ ಓಎಫ್ ಅನ್ನುತ್ತಾರೆ. ಯಾರಾದರೂ ಬಣ್ಣ ಬಳಿದು, ಕಾಲು ಕತ್ತರಿಸಿ, ಹೊಸ ಭಂಗಿ ಕೊಟ್ಟವು ಕಸ್ಟಮ್. ಕಲಾವಿದರು ರೆಸಿನ್‌ನಲ್ಲಿ ಎರಕ ಹೊಯ್ದು ಮಾರುವವು ಇನ್ನೊಂದು. ಪ್ರತಿ ತರಗತಿಯಲ್ಲಿ ಮೊದಲ ಎರಡು ಸ್ಥಾನ ಬಂದರೆ ರಿಬ್ಬನ್ ಜೊತೆ ಒಂದು ಕಾರ್ಡ್ ಸಿಗುತ್ತದೆ. ಆ ಕಾರ್ಡ್ ಇದ್ದ ಕುದುರೆಗೆ ಮಾತ್ರ ರಾಷ್ಟ್ರಮಟ್ಟದ 'ನ್ಯಾನ್' ಶೋಗೆ ಪ್ರವೇಶ. ಕೆಲವರಿಗೆ ರಿಬ್ಬನ್ ಬೇಡ, ಕಾರ್ಡ್ ಸಾಕು.

ನನಗೆ ಕಣ್ಣು ಕೀಳಲಾಗದಿದ್ದದ್ದು ಪರ್ಫಾರ್ಮೆನ್ಸ್ ಮೇಜು. ಅಲ್ಲಿ ಕುದುರೆ ಬರೀ ನಿಂತರೆ ಸಾಲದು, ಕೆಲಸ ಮಾಡುತ್ತಿರಬೇಕು. ಒಬ್ಬಾಕೆ ದನದ ಹಿಂಡಿನಿಂದ ಒಂದು ಕರುವನ್ನು ಬೇರ್ಪಡಿಸುವ ಕುದುರೆಯನ್ನು ಇಟ್ಟಿದ್ದಳು. ಮೇಲೆ ಗೊಂಬೆ ಸವಾರ, ಜೀನು ಅಂಗೈಯಗಲ. ಅದರ ಬಕಲ್‌ಗಳು ಅಕ್ಕಿಕಾಳಿಗಿಂತ ಸಣ್ಣವು, ಆದರೂ ನಿಜವಾಗಿ ಬಿಚ್ಚಿ ಹಾಕಬಹುದು. ಚರ್ಮವನ್ನು ಬ್ಲೇಡಿನಲ್ಲಿ ಕಾಗದದಷ್ಟು ತೆಳ್ಳಗೆ ಹೆರೆದು ಮಾಡುತ್ತಾರಂತೆ. ಜಡ್ಜ್ ಟಾರ್ಚ್ ಹಾಕಿ ನೋಡಿದ್ದು ಲಗಾಮನ್ನು. ಈ ಪಂದ್ಯದಲ್ಲಿ ಸವಾರ ಕರುವನ್ನು ಬೇರ್ಪಡಿಸಿದ ಮೇಲೆ ಲಗಾಮು ಸಡಿಲ ಬಿಡಬೇಕು, ಕುದುರೆ ತಾನೇ ಕೆಲಸ ಮಾಡಬೇಕು. ಲಗಾಮು ಬಿಗಿಯಾಗಿ ಇದ್ದರೆ ಅಂಕ ಹೋಯಿತು. ದಾರದಷ್ಟು ಲಗಾಮನ್ನು ಜೋತು ಬೀಳುವ ಹಾಗೆ ಇಡಲಿಕ್ಕೆ ಅವಳಿಗೆ ಇಪ್ಪತ್ತು ನಿಮಿಷ ಹಿಡಿಯಿತು. ನಮ್ಮವರು ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಡ್ರೈವರ್ ಅನ್ನುವ ಮಾತು ಆಮೇಲೆ ಬರಲಿಲ್ಲ.

ಮಧ್ಯಾಹ್ನ ನನ್ನ 'ತುಂಗಾ' ಸರದಿ. ಮಾರ್ಗನ್ ತಳಿಯ ಹೆಣ್ಣುಕುದುರೆ, ಬೇ ಬಣ್ಣ, ಅಂದರೆ ಕಂದು ಮೈ, ಕಪ್ಪು ಬಾಲ, ಕಪ್ಪು ಕಾಲು. ನನ್ನ ಕಪಾಟಿನ ರಾಣಿ. ಜಡ್ಜ್ ಅವಳ ಹತ್ತಿರ ಬಂದರು, ಬಗ್ಗಿದರು, ಟಾರ್ಚ್ ಹಾಕಿದರು, ಇನ್ನೂ ಬಗ್ಗಿದರು. ಬಹಳ ಹೊತ್ತು ನೋಡಿದರು. ಬಂತು ನೋಡು ಕಾರ್ಡ್ ಅಂತ ನಾನು ಇವರ ತೋಳು ಹಿಂಡಿದೆ. ರಿಬ್ಬನ್ ಇಟ್ಟು ಮುಗಿಸಿದಾಗ ತುಂಗಾಳ ಮುಂದೆ ಏನೂ ಇರಲಿಲ್ಲ. ಆರನೇ ಸ್ಥಾನವೂ ಇಲ್ಲ.

ತರಗತಿ ಮುಗಿದ ಮೇಲೆ ಮರ್ಯಾದೆಯಿಂದ ಕೇಳಬಹುದು. ಕೇಳಿದೆ. ಜಡ್ಜ್ ಐವತ್ತು ದಾಟಿದ ಹೆಂಗಸು, ಮೆಲುದನಿ. "ಅವಳ ಚೆಸ್ಟ್‌ನಟ್ ಇಲ್ಲವಲ್ಲ" ಅಂದರು.

"ಅವಳು ಚೆಸ್ಟ್‌ನಟ್ ಅಲ್ಲ, ಬೇ" ಅಂದೆ ನಾನು, ತುಸು ಗಟ್ಟಿಯಾಗಿಯೇ. ಚೆಸ್ಟ್‌ನಟ್ ಅಂದರೆ ಮೈ, ಬಾಲ ಎಲ್ಲ ಕೆಂಗಂದು. ಅಷ್ಟೂ ಗೊತ್ತಿಲ್ಲವೇ ಇವರಿಗೆ!

ಅವರು ನಗಲಿಲ್ಲ. ಅದಕ್ಕೇ ಅವರ ಮೇಲೆ ಈಗಲೂ ಗೌರವ. ತುಂಗಾಳನ್ನು ತಿರುಗಿಸಿ ಮುಂಗಾಲಿನ ಒಳಮಗ್ಗುಲು ತೋರಿಸಿದರು. ನಿಜವಾದ ಕುದುರೆಗೆ ಅಲ್ಲಿ, ಮಂಡಿಯ ಮೇಲುಗಡೆ, ಆಣಿಯಂಥ ಒಣ ಗಂಟು ಇರುತ್ತದೆ. ಅದರ ಹೆಸರೂ ಚೆಸ್ಟ್‌ನಟ್. ಶಿಲ್ಪಿ ಅದನ್ನು ಕೆತ್ತಿದ್ದ. ಯಾರೋ ಅದನ್ನು ಉಜ್ಜಿ ತೆಗೆದು, ಮೇಲೆ ಬಣ್ಣ ಹಚ್ಚಿದ್ದಾರೆ. ಹಾಗಾಗಿ ಇವಳು ಓಎಫ್‌ನಲ್ಲಿ ನಿಲ್ಲುವಂತಿಲ್ಲ. "ನಿಮಗೆ ಮಾರಿದವರು ಹೇಳಬೇಕಿತ್ತು" ಅಂದರು ಬೇಸರದಿಂದ.

ಆ 'ಯಾರೋ' ನಾನೇ. ನಾಲ್ಕು ವರ್ಷದ ಹಿಂದೆ ಡಬ್ಬ ಬಿಚ್ಚಿದಾಗ ಒಂದು ಕಾಲಿನಲ್ಲಿ ಗಂಟು ಕಂಡಿತ್ತು. ಅಚ್ಚಿನ ತಪ್ಪು ಅಂದುಕೊಂಡೆ. ಇನ್ನೊಂದು ಕಾಲಿನಲ್ಲೂ ಕಂಡಿತು. ಛೇ, ಎಂಥ ಕಳಪೆ ಕೆಲಸ ಅಂತ ಬೈದುಕೊಂಡು, ಉಗುರು ಉಜ್ಜುವ ಅರದಲ್ಲಿ ಎರಡನ್ನೂ ನೀಟಾಗಿ ತೆಗೆದು, ಕಂದು ಬಣ್ಣ ಮುಟ್ಟಿಸಿದ್ದೆ. ಚೆನ್ನಾಗಿ ಕಾಣುತ್ತೆ ಅಂತ ಮಗಳಿಗೆ ತೋರಿಸಿಯೂ ಇದ್ದೆ. ಜಡ್ಜ್ ಮುಂದೆ ಮಾತ್ರ ಬಾಯಿ ಬರಲಿಲ್ಲ. "ಹೌದು, ಹೇಳಬೇಕಿತ್ತು" ಅಂದುಬಿಟ್ಟೆ.

ಕಾರಿನಲ್ಲಿ ಇವರು ಅರ್ಧ ಗಂಟೆ ಸುಮ್ಮನಿದ್ದರು. ಆಮೇಲೆ, "ನೂರಾ ಹದಿನಾಲ್ಕು ಕುದುರೆ ಸಾಕಿದೀಯ, ಒಂದರ ಕಾಲನ್ನಾದರೂ ನೋಡಿದ್ದೀಯೇನೇ?" ಅಂದರು. ಉತ್ತರ ಇರಲಿಲ್ಲ.

ಶುಕ್ರವಾರ

ಹಾರ್ಸ್ ಪಾರ್ಕ್ ಸುಮಾರು 1,200 ಎಕರೆ. 1978ರಿಂದ ಇದೆ. ಹೆದ್ದಾರಿಯ 120ನೇ ಎಕ್ಸಿಟ್‌ನಲ್ಲಿ ಇಳಿದರೆ ಹಲಗೆಯ ಬೇಲಿ ಶುರುವಾಗುತ್ತದೆ, ಮುಗಿಯುವುದೇ ಇಲ್ಲ. ಏಳು ಗಂಟೆಗೆ ಹೋದರೂ ನಮ್ಮ ಮುಂದೆ ದೊಡ್ಡ ಸಾಲು. ಜನ ಮಡಚುವ ಕುರ್ಚಿ, ಛತ್ರಿ, ಕೈಗಾಡಿ ಎಲ್ಲ ತಂದಿದ್ದರು. ನಾವು ತಂದದ್ದು ಚಪಾತಿ ಸುರುಳಿ ಮಾತ್ರ. ಕುರ್ಚಿಯೂ ಬೇಕಿತ್ತು.

ಮೂರು ದಿನದ ಟಿಕೆಟಿನ ಜೊತೆ ಆ ವರ್ಷದ ಒಂದು ಕುದುರೆ ಬರುತ್ತದೆ. ಅದರಲ್ಲೇನೂ ಆತಂಕ ಇಲ್ಲ. ಮಜಾ ಇರುವುದು 'ಸರ್‌ಪ್ರೈಸ್' ಕುದುರೆಯಲ್ಲಿ. ಎಲ್ಲ ಡಬ್ಬವೂ ಒಂದೇ ಥರ, ಒಳಗೆ ಯಾವ ಬಣ್ಣ ಅಂತ ಬಿಚ್ಚುವ ತನಕ ಗೊತ್ತಾಗುವುದಿಲ್ಲ. ಹೊಳಪಿನವು ಅಪರೂಪ. ಕೊಂಡವರು ಹುಲ್ಲಿನ ಮೇಲೆ ಕೂತು ಬಿಚ್ಚುತ್ತಾರೆ. ಒಂದು ಕಡೆ ಕಿರುಚಾಟ, ಇನ್ನೊಂದು ಕಡೆ ಪೆಚ್ಚು ಮೋರೆ. ಹತ್ತೇ ನಿಮಿಷದಲ್ಲಿ ಆ ಹುಲ್ಲು ಸಂತೆ ಆಗಿಬಿಡುತ್ತದೆ. "ನನ್ನ ಬೂದು ಕೊಡ್ತೀನಿ, ನಿನ್ನ ಪಿಂಟೊ ಕೊಡ್ತೀಯಾ?" ಅಂತ ಹತ್ತು ವರ್ಷದ ಪೋರಿ ಅರವತ್ತರ ಗಂಡಸಿನ ಜೊತೆ ಚೌಕಾಸಿ ಮಾಡುತ್ತಿದ್ದಳು. ಅವರು ಸೋತರು. ನಾನು ಡಬ್ಬ ಬಿಚ್ಚಿದ ಕೂಡಲೇ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಕುದುರೆಯನ್ನು ಮಗುಚಿ ಕಾಲು ನೋಡಿದೆ. ನಾಲ್ಕೂ ಗಂಟು ಇದ್ದವು. ಹಿಂಗಾಲಿನಲ್ಲೂ ಇರುತ್ತವೆ, ಕೀಲಿನ ಕೆಳಗೆ. ಅಂದರೆ ತುಂಗಾಳ ಹಿಂಗಾಲಿನವು ನನ್ನ ಅರದಿಂದ ತಪ್ಪಿಸಿಕೊಂಡಿರಬೇಕು.

ಅಖಾಡದಲ್ಲಿ ನಿಜವಾದ ಕುದುರೆಗಳ ಪ್ರದರ್ಶನ ಇತ್ತು. ಯಾವ ಕುದುರೆಯ ಮಾದರಿ ಮಾಡಿದ್ದಾರೋ ಅದೇ ಬಂದು ಕುಣಿಯುತ್ತದೆ. ಮಕ್ಕಳು ಕೈಯಲ್ಲಿ ಪ್ಲಾಸ್ಟಿಕ್‌ದನ್ನು ಎತ್ತಿ ಹಿಡಿದು ಇದು ಅದೇ ಅಂತ ಹೋಲಿಸುತ್ತಿದ್ದರು. ನಾನು ಮೇಲಿನ ಸಾಲಿನಲ್ಲಿ, ಸುರಕ್ಷಿತ ದೂರದಲ್ಲಿ.

ಶನಿವಾರ

ಮಳೆ. ಗುಡುಗು ಶುರುವಾದರೆ ಇಲ್ಲಿ ಎಲ್ಲರನ್ನೂ ಒಳಗೆ ಕಳಿಸುತ್ತಾರೆ. ಎರಡು ಗಂಟೆ ಕುದುರೆ ಮ್ಯೂಸಿಯಮ್ಮಿನಲ್ಲಿ ಕಳೆದೆವು, ಒದ್ದೆ ಬಟ್ಟೆಯಲ್ಲಿ, ಏಸಿಯಲ್ಲಿ ನಡುಗುತ್ತಾ. ಬಿಡುವಾದಾಗ ಹೆಸರಾಂತ ರೇಸ್ ಕುದುರೆ ಮ್ಯಾನ್ ಓ ವಾರ್‌ನ ಪ್ರತಿಮೆ ನೋಡಿದೆವು. 21 ಓಟದಲ್ಲಿ 20 ಗೆದ್ದವನು. ಸೋತದ್ದು ಒಂದೇ ಸಲ, 1919ರಲ್ಲಿ ಸಾರಟೋಗಾದಲ್ಲಿ. ಸೋಲಿಸಿದ ಕುದುರೆಯ ಹೆಸರು 'ಅಪ್‌ಸೆಟ್'. ಮ್ಯಾನ್ ಓ ವಾರ್ ತೀರಿಕೊಂಡದ್ದು 1947ರಲ್ಲಿ. ಸಮಾಧಿಯೂ ಈ ಪ್ರತಿಮೆಯ ಬುಡದಲ್ಲೇ. ಚೆಸ್ಟ್‌ನಟ್ ಬಣ್ಣದವನು, ಕಂಚಿನಲ್ಲಿ ಅದು ಗೊತ್ತಾಗುವುದಿಲ್ಲ. ಕಾಲಿನ ಒಳಮಗ್ಗುಲು ನೋಡಲು ಸುತ್ತ ಎರಡು ಸುತ್ತು ಹಾಕಿದೆ. ಪೀಠ ಎತ್ತರ, ಕಾಣಲಿಲ್ಲ. "ಪ್ರದಕ್ಷಿಣೆ ಮೂರು ಹಾಕಬೇಕು" ಅಂದರು ಇವರು.

ರಾತ್ರಿ ಹರಾಜು. ಜಗತ್ತಿನಲ್ಲಿ ಒಂದೇ ಒಂದು ಇರುವ ಬಣ್ಣದ ಕುದುರೆಗಳು. ಸಾವಿರಾರು ಡಾಲರ್ ಕೂಗುತ್ತಿದ್ದರು. ಮೂಗಿನ ಮೇಲೆ ನೊಣ ಕೂತರೂ ನಾನು ಕೈ ಎತ್ತಲಿಲ್ಲ.

ಭಾನುವಾರ

ಬೆಳಗಿನ ಜಾವ ಓಲ್ಡ್ ಫ್ರಾಂಕ್‌ಫರ್ಟ್ ಪೈಕ್ ಕಡೆ ಹೋಗಿ ಬನ್ನಿ ಅಂತ ಆ ಅಜ್ಜಿ ಹೇಳಿದ್ದರು. ಹೋದೆವು. ಕಾರೆರಡು ಎದುರಾದರೆ ಎದೆ ಡವಡವ ಅನ್ನುವಷ್ಟು ಕಿರಿದು ರಸ್ತೆ, ಮೇಲೆ ಮರಗಳ ಚಪ್ಪರ. ಎರಡೂ ಬದಿ ಗಾರೆ ಇಲ್ಲದೆ ಪೇರಿಸಿದ ಕಲ್ಲಿನ ಗೋಡೆ. ಐರಿಷ್ ಮೇಸ್ತ್ರಿಗಳು, ಅವರ ಜೊತೆ ಗುಲಾಮರಾಗಿದ್ದ ಕಪ್ಪು ಜನ ಕಟ್ಟಿದ್ದು. ಸುಣ್ಣಕಲ್ಲು ಈ ನೆಲದ ಅಡಿಯಲ್ಲೆಲ್ಲ ಇದೆ. ಅದರ ಸುಣ್ಣ ನೀರಿಗೆ, ನೀರಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುದುರೆಯ ಮೂಳೆಗೆ ಅನ್ನುವುದು ಇಲ್ಲಿಯವರ ಲೆಕ್ಕ. ಮಂಜಿನಲ್ಲಿ ತಾಯಿ ಕುದುರೆಗಳು ಮೇಯುತ್ತಿದ್ದವು, ಮರಿಗಳು ಹುಲ್ಲಿನ ಮೇಲೆ ಚಪ್ಪಟೆ ಮಲಗಿದ್ದವು. ಕಿಟಕಿ ಇಳಿಸಿ ನೋಡಿದೆ. ಇಳಿಯಲಿಲ್ಲ.

ಹೊರಡುವ ಮುಂಚೆ ಪಾರ್ಕಿನ ಬಿಗ್ ಬಾರ್ನ್‌ಗೆ ಹೋಗಲೇಬೇಕು ಅಂತ ಹಟ ಹಿಡಿದದ್ದು ನಾನೇ. ಗಾಡಿ ಎಳೆಯುವ ದೈತ್ಯ ಕುದುರೆಗಳು ಇರುವುದು ಅಲ್ಲಿ. ಒಬ್ಬ ಹುಡುಗಿ ಬೂದು ಬಣ್ಣದ ಪರ್ಷರಾನ್ ಕುದುರೆಯ ಮೈ ತಿಕ್ಕುತ್ತಿದ್ದಳು. ಅದರ ಬೆನ್ನು ನನ್ನ ತಲೆಗಿಂತ ಮೇಲಿತ್ತು. ಆರು ಅಡಿ ದೂರ ನಿಂತು, ಮುಂಗಾಲಿನ ಒಳಗಡೆ ನೋಡಬಹುದಾ ಅಂತ ಕೇಳಿದೆ. ಅವಳಿಗೆ ವಿಚಿತ್ರ ಅನ್ನಿಸಿದ ಹಾಗೆ ಕಾಣಲಿಲ್ಲ. ಈ ವಾರ ಇಂಥವರು ಎಷ್ಟು ಜನ ಬಂದಿದ್ದರೋ. "ನೈಟ್ ಐಸ್ ನೋಡ್ಬೇಕಾ? ಬನ್ನಿ" ಅಂದಳು. ರಾತ್ರಿ ಕಣ್ಣು ಅಂತಲೂ ಅದಕ್ಕೆ ಹೆಸರಂತೆ. ಒಂದೊಂದು ಕುದುರೆಗೆ ಒಂದೊಂದು ಆಕಾರ, ರೇಸ್ ಕುದುರೆಗಳ ಗುರುತಿಗೆ ಅದರ ಫೋಟೋ ತೆಗೆದಿಡುತ್ತಿದ್ದರಂತೆ.

ಹತ್ತಿರ ಹೋದೆ. ಬಗ್ಗಿದೆ. ಒಣಗಿದ ಅಡಿಕೆ ಹೋಳನ್ನು ಅಂಟಿಸಿದ ಹಾಗೆ ಇತ್ತು, ಪದರ ಪದರ, ಅಂಚು ಕಿತ್ತು ಎದ್ದಿತ್ತು. ಬೆರಳಲ್ಲಿ ಮುಟ್ಟಿದೆ. ಗಟ್ಟಿ, ಬೆಚ್ಚಗೆ. ಅಷ್ಟರಲ್ಲಿ ಅದು ನನ್ನ ಬೆನ್ನಿನ ಮೇಲೆ ಬುಸ್ ಅಂತ ಉಸಿರು ಬಿಟ್ಟಿತು. ಫೋಟೋ ತೆಗೆಯುತ್ತಿದ್ದ ಇವರ ಹಿಂದೆ ನಾನು ಹೇಗೆ ಬಂದು ನಿಂತೆ ಅಂತ ಇವತ್ತಿಗೂ ನೆನಪಿಲ್ಲ.

ವಾಪಸ್ ಬರುವಾಗ ಕುದುರೆಗಳು ಹಿಂದಿನ ಸೀಟಿನಲ್ಲಿ, ಬೆಲ್ಟ್ ಕಟ್ಟಿಕೊಂಡು, ಏಸಿ ಹಾಕಿಸಿಕೊಂಡು ಬಂದವು. ಸೂಟ್‌ಕೇಸ್ ಡಿಕ್ಕಿಯಲ್ಲಿ.

ಕಳೆದ ಶನಿವಾರ ಎಪಾಕ್ಸಿ ಪುಟ್ಟಿ ತಂದು, ಸಾಸಿವೆಯಷ್ಟು ಉಂಡೆ ಮಾಡಿ, ತುಂಗಾಳ ಎರಡೂ ಮುಂಗಾಲಿಗೆ ಹಚ್ಚಿದೆ. ಸೂಜಿಯಲ್ಲಿ ಪದರ ಬಿಡಿಸಿದೆ. ಬಣ್ಣ ಒಣಗಿದ ಮೇಲೆ ಕಸ್ಟಮ್ ವಿಭಾಗದಲ್ಲಿ ನಿಲ್ಲಿಸಬಹುದು. ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು: "ಅಮ್ಮಾ, ಎಡಗಾಲಿಂದು ಸ್ವಲ್ಪ ಮೇಲಾಯ್ತು ಅಲ್ವಾ?"